ದೊರೆ ಒಲೆಯನ್ನು ಪಳಗಿಸಿದ ಹುಳದಕ್ಕ

ಬಾಡಿಗೆಗೆ ಮನೆ ಕೇಳಲು ಹೋದ ದಿನ ಮನೆಯೊಡತಿ ಮಾಡಿದ ಮೊದಲ ಕೆಲಸವೆಂದರೆ ನಮ್ಮಿಬ್ಬರನ್ನೂ ಮೂಸಿ ನೋಡಿದ್ದು. ತಮಾಷೆಗೆ ಹೇಳುತ್ತಿಲ್ಲ. ಜಗಲಿಯ ಮೇಲೆ ನಿಂತಿದ್ದ ನಮ್ಮ ಯಜಮಾನರ ಹತ್ತಿರ ಬಂದು, ಅಂಗಿಯ ತೋಳಿಗೆ ಮೂಗು ಹಿಡಿದು, ಉದ್ದಕ್ಕೆ ಉಸಿರೆಳೆದುಕೊಂಡು, "ಬೀಡಿ ಸೇದ್ತೀರಾ?" ಎಂದರು. ಇವರು ಇಲ್ಲವೆಂದರು. "ಮತ್ತೆ ಇದೇನು ವಾಸ್ನೆ?" "ಫ್ಯಾಕ್ಟರಿ ಎಣ್ಣೆಯದಮ್ಮ." "ಎಣ್ಣೆ ಆದ್ರೆ ಪರವಾಗಿಲ್ಲ, ಮೈ ತೊಳ್ಕೊಂಡ್ರೆ ಹೋಯ್ತದೆ." ಆಮೇಲೆ ನನ್ನ ಕಡೆ ತಿರುಗಿದರು. ಮೂಸುವುದಕ್ಕೂ ಮುಂಚೆಯೇ ಮುಖ ಹಿಂಡಿ, "ಏನಮ್ಮಾ, ಇಷ್ಟೊಂದು ಪೌಡರ್ ಬಳ್ಕೊಂಡು ಬಂದಿದ್ದೀಯಾ?" ಎಂದರು.

ಮಂಡ್ಯದಿಂದ ಹೊಸೂರಿಗೆ ಬಂದು ವರ್ಷವೂ ಆಗಿರಲಿಲ್ಲ. ಮೂಕಂಡಪಲ್ಲಿಯಲ್ಲಿ ಗೂಡಿನಂಥ ಮನೆಯಲ್ಲಿದ್ದು ಬೇಸತ್ತಿದ್ದೆವು. ಬಾಗಲೂರಿನ ದಾರಿಯಲ್ಲಿ ಹಳೇ ಬಂಗಲೆಯೊಂದರ ಹಿಂಭಾಗ ಖಾಲಿ ಇದೆ, ಬಾವಿ ನೀರು, ಹೊಂಗೆ ಮರದ ನೆರಳು ಎಂದು ಯಾರೋ ಹೇಳಿದ್ದರು. ಯಾರೂ ಹೇಳದೆ ಬಿಟ್ಟಿದ್ದು ಷರತ್ತುಗಳನ್ನು. ಮನೆಯಲ್ಲಿ ಊದುಬತ್ತಿ ಹಚ್ಚಬಾರದು. ಸೊಳ್ಳೆ ಬತ್ತಿ ಹಚ್ಚಲೇಬಾರದು. ಹುಳು ಸಣ್ಣವಿದ್ದಾಗ ಒಣಮೆಣಸಿನಕಾಯಿ ಒಗ್ಗರಣೆ ಹಾಕಬಾರದು. ಮೊದಲ ಎರಡಕ್ಕೆ ತಲೆಯಾಡಿಸಿದೆ. ಮೂರನೆಯದಕ್ಕೆ ನನ್ನ ಜೀವ ಹೌಹಾರಿತು. ಒಗ್ಗರಣೆಯಿಲ್ಲದ ಸಾರು ಉಣ್ಣುವುದಕ್ಕಿಂತ ಉಪವಾಸ ಇರುವುದು ಮೇಲು ಎನ್ನುವ ಮನೆತನ ನಮ್ಮದು. ಆದರೆ ಬಾವಿಯ ನೀರು ಕುಡಿದು ನೋಡಿದೆ, ಕಲ್ಲುಸಕ್ಕರೆಯ ಹಾಗಿತ್ತು. ಒಪ್ಪಿಕೊಂಡೆ. ಆಮೇಲಿನ ನಾಲ್ಕಾರು ವರ್ಷ, ಹುಳು ಸಣ್ಣವಿದ್ದಾಗಲೆಲ್ಲ ನಾನು ಸೀಮೆಎಣ್ಣೆ ಸ್ಟೌವನ್ನೂ ಒಗ್ಗರಣೆ ಸೌಟನ್ನೂ ಹೊತ್ತುಕೊಂಡು ಕಾಂಪೌಂಡಿನ ಆಚೆ ಹುಣಸೆ ಮರದ ಕೆಳಗೆ ಹೋಗಿ, ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡಿಕೊಂಡು ಚುರ್ರೆನ್ನಿಸಿ ಬರುತ್ತಿದ್ದೆ. ದಾರಿಹೋಕರು ನನ್ನನ್ನು ಯಾವ ದೇವರಿಗೆ ಹರಕೆ ಹೊತ್ತವಳೆಂದು ತಿಳಿದರೋ ಗೊತ್ತಿಲ್ಲ.

ಹುಳು ಎಂದರೆ ರೇಷ್ಮೆ ಹುಳು. ಬಂಗಲೆಯ ದೊಡ್ಡ ಹಜಾರದಲ್ಲಿ ಆಕೆ ಚಾಕಿ ಮಾಡುತ್ತಿದ್ದರು. ಮೊಟ್ಟೆಯೊಡೆದ ಮರಿಗಳನ್ನು, ಎಳ್ಳಿನ ಮೂತಿಯಷ್ಟಿರುವವನ್ನು, ಎರಡನೇ ಜ್ವರ ದಾಟುವವರೆಗೆ ಸಾಕಿ ಸುತ್ತಲ ಹಳ್ಳಿಯ ಹೆಂಗಸರಿಗೆ ಕೊಡುವುದೇ ಚಾಕಿ. ಜ್ವರವೆಂದರೆ ಕಾಯಿಲೆಯಲ್ಲ. ಹುಳು ಮೇಯುವುದನ್ನು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಕೂತು ಪೊರೆ ಕಳಚುವ ಹೊತ್ತು. "ಜ್ವರಕ್ಕೆ ಕೂತವೆ" ಎಂದು ಅಕ್ಕ ಪಿಸುಗುಟ್ಟಿದರೆ ನಾವು ಬಾವಿಯ ರಾಟೆಯನ್ನೂ ಮೆಲ್ಲಗೆ ಎಳೆಯಬೇಕಿತ್ತು. ಈ ಎಳೆ ಹುಳುಗಳನ್ನು ಸರಿಯಾಗಿ ಸಾಕಿಕೊಟ್ಟರೆ ಹಳ್ಳಿಯ ಮನೆಗಳಲ್ಲಿ ಬೆಳೆ ಏಳುತ್ತದೆ. ಇಲ್ಲಿ ಕೆಟ್ಟರೆ ಅಲ್ಲಿ ಯಾರು ಏನು ಮಾಡಿದರೂ ಗೂಡು ಕಟ್ಟುವುದಿಲ್ಲ.

ಊರಿಗೆಲ್ಲ ಆಕೆ ಹುಳದಕ್ಕ. ಹೆಸರು ಇತ್ತು, ಚೆನ್ನಾಗಿಯೇ ಇತ್ತು, ಆದರೆ ಯಾರಾದರೂ ಹಾಗೆ ಕರೆದರೆ "ಅದು ರೇಷನ್ ಕಾರ್ಡಿಗೆ ಇಟ್ಟಿದ್ದು" ಎನ್ನುತ್ತಿದ್ದರು. ನಾನೂ ಇಲ್ಲಿ ಬರೆಯುವುದಿಲ್ಲ. ಉದ್ದನಪಲ್ಲಿಯಲ್ಲಿ ಹುಟ್ಟಿ ಈ ಮನೆಗೆ ಸೊಸೆಯಾಗಿ ಬಂದವರು. ಗಂಡ ಬೇಗ ತೀರಿಕೊಂಡಿದ್ದರು. ಮಗಳು ಮದುವೆಯಾಗಿ ಕೃಷ್ಣಗಿರಿಯಲ್ಲಿದ್ದಳು. ಗಟ್ಟಿ ಮೈ, ಕುಳ್ಳು, ನಡೆದರೆ ನೆಲಕ್ಕೆ ಪೆಟ್ಟು ಬೀಳುವಂಥ ನಡಿಗೆ. ಮೂರು ಭಾಷೆಯನ್ನೂ ಬೇರೆ ಬೇರೆ ಕೆಲಸಕ್ಕೆ ಇಟ್ಟುಕೊಂಡಿದ್ದರು. ವ್ಯವಹಾರವೆಲ್ಲ ತಮಿಳಿನಲ್ಲಿ, ಬೈಗುಳವೆಲ್ಲ ತೆಲುಗಿನಲ್ಲಿ. ಹುಳುಗಳ ಜೊತೆ ಮಾತ್ರ ಕನ್ನಡ. "ಏಳ್ರವ್ವ, ಸೊಪ್ಪು ತಂದಿವ್ನಿ, ಏಳ್ರಿ" ಎಂದು ಬೆಳಿಗ್ಗೆ ಆಕೆ ತಟ್ಟೆಗಳ ಮುಂದೆ ಬಾಗುವುದನ್ನು ಕಿಟಕಿಯ ಬಲೆಯಾಚೆಯಿಂದ ನೋಡುತ್ತಿದ್ದೆ. ನನ್ನ ಜೊತೆ ಇಷ್ಟು ಮೆತ್ತಗೆ ಒಂದು ದಿನವೂ ಮಾತಾಡಿದವರಲ್ಲ.

ಬಲೆ ಎಂದೆನಲ್ಲ, ಅದನ್ನೂ ಹೇಳಬೇಕು. ರೇಷ್ಮೆಯವರಿಗೆ ಊಜಿ ನೊಣವೆಂದರೆ ಯಮ. ಅದು ಹುಳುವಿನ ಮೈಮೇಲೆ ಒಂದು ಮೊಟ್ಟೆಯಿಟ್ಟು ಹಾರಿಹೋದರೆ ಸಾಕು, ಅದರ ಮರಿ ಹುಳುವನ್ನು ಒಳಗಿನಿಂದ ತಿಂದುಹಾಕುತ್ತದೆ. ಅದಕ್ಕೇ ಹುಳು ಮನೆಗಳಲ್ಲಿ ಕಿಟಕಿ, ಬೆಳಕಿಂಡಿಗೆಲ್ಲ ಬಲೆ ಹೊಡೆಯುತ್ತಾರೆ. ಅಕ್ಕ ಇನ್ನೂ ಒಂದು ಹೆಜ್ಜೆ ಮುಂದೆ. ಬಚ್ಚಲ ನೀರು ಹೋಗುವ ಕೊಳವೆಗೂ ಬಲೆ, ಬಾಗಿಲಿನ ಬೀಗದ ಕಿಂಡಿಗೂ ಬಟ್ಟೆಯ ಬಿರಡೆ. "ತೂತು ಕಂಡ್ರೆ ಬಲೆ ಕಟ್ಟು, ಆಮೇಲೆ ಏನಕ್ಕೆ ಅಂತ ಕೇಳು" ಎನ್ನುವುದು ಆಕೆಯ ಮಾತು. ನಮ್ಮ ಮನೆಯ ಹಾಲು ಸೋಸುವ ಜರಡಿ ಒಂದು ದಿನ ಕಾಣೆಯಾಗಿ, ಹಜಾರದ ಗೋಡೆಯ ಇಲಿ ಬಿಲಕ್ಕೆ ಮೊಳೆ ಹೊಡೆಸಿಕೊಂಡು ಪತ್ತೆಯಾಯಿತು.

ಇಷ್ಟೆಲ್ಲ ಮಾಡಿದರೂ ಆಕೆಗೆ ಒಂದು ಶತ್ರು ಉಳಿದೇಬಿಟ್ಟಿತ್ತು. ಚಳಿ.

ಹೊಸೂರಿನ ಕಡೆಯ ಧನುರ್ಮಾಸದ ಚಳಿ ಗೊತ್ತಿಲ್ಲದವರು ಇದನ್ನು ನಂಬುವುದಿಲ್ಲ. ಹತ್ತು ಗಂಟೆಯಾದರೂ ಮಂಜು ಹೊಲ ಬಿಟ್ಟು ಏಳುವುದಿಲ್ಲ. ಎಳೆ ಹುಳುವಿಗೆ ಬಾಣಂತಿ ಕೋಣೆಯ ಶಾಖ ಬೇಕು, ಜೊತೆಗೆ ತೇವವೂ ಬೇಕು. ಆ ಹಜಾರವೋ, ಹಿಂದೆ ಕುದುರೆ ಸಾಕಲು ಬಂದ ಯಾವನೋ ಇಂಗ್ಲಿಷ್ ದೊರೆ ಕಟ್ಟಿಸಿದ್ದು. ಮೂರಾಳೆತ್ತರದ ಸೂರು, ಕಲ್ಲಿನ ನೆಲ, ಒಂದು ಗೋಡೆಯ ತುಂಬ ಬಾಯಿ ತೆರೆದು ಕೂತ ಅಗ್ಗಿಷ್ಟಿಕೆ. ಎಮ್ಮೆಕರುವನ್ನು ಕಟ್ಟಿಹಾಕಬಹುದು, ಅಷ್ಟು ಅಗಲ. ಊರಿನವರು ಅದಕ್ಕೆ ದೊರೆ ಒಲೆ ಎಂದು ಹೆಸರಿಟ್ಟಿದ್ದರು. ಅಕ್ಕನ ಮಾವನವರ ಕಾಲದಲ್ಲಿ ಅದರೊಳಗೆ ಹುರುಳಿ ಮೂಟೆ ಇಡುತ್ತಿದ್ದರಂತೆ.

ನಾವು ಬರುವುದಕ್ಕೆ ಮುಂಚಿನ ಚಳಿಗಾಲದಲ್ಲಿ ಚಳಿಗೇ ಹುಳು ಕೆಟ್ಟಿದ್ದವು. ಒಂದು ತಟ್ಟೆಯಲ್ಲಿ ಅರ್ಧ ಜ್ವರಕ್ಕೆ ಕೂತಿದ್ದರೆ ಅರ್ಧ ಇನ್ನೂ ಮೇಯುತ್ತಿದ್ದವಂತೆ. ನಾವು ಬಂದ ಚಳಿಗಾಲದಲ್ಲಿ ಅಕ್ಕ ಹುರುಳಿ ಮೂಟೆ ತೆಗೆಸಿ ದೊರೆ ಒಲೆಗೆ ನೀಲಗಿರಿ ಸೌದೆ ತುಂಬಿ ಬೆಂಕಿ ಹಾಕಿದರು. ಬೆಂಕಿಯೇನೋ ಹೋಳಿಯ ಕಾಮನನ್ನು ಸುಡುವ ಹಾಗೆ ಎದ್ದಿತು. ಎದುರು ನಿಂತರೆ ಮುಖ ಬೇಯುತ್ತದೆ, ಬೆನ್ನು ನಡುಗುತ್ತದೆ. ಗಾಳಿ ತಿರುಗಿದ ಹೊತ್ತಿನಲ್ಲಿ ಹೊಗೆಯೆಲ್ಲ ಹಜಾರಕ್ಕೆ ನುಗ್ಗಿತು. ಹುಳುಗಳು ಹಸಿರು ನೀರು ಕಾರಿಕೊಂಡು ಸತ್ತವು. ಆಕೆಯನ್ನು ನಂಬಿ ಚಾಕಿ ಕಾದಿದ್ದ ಹೆಂಗಸರು ಬರಿಗೈಲಿ ಹೋದರು. ಅವರಲ್ಲಿ ಮುನಿಯಮ್ಮ ಎಂಬಾಕೆ, ಗಟ್ಟಿ ಬಾಯಿಯವಳು, ತೆಲುಗಿನಲ್ಲಿ ಅಂದ ಮಾತುಗಳಿಗೆ ಅಕ್ಕ ಒಂದೇ ಒಂದಕ್ಕೂ ಎದುರಾಡಲಿಲ್ಲ. ಬೈಗುಳದ ಭಾಷೆಯಲ್ಲೇ ಆಕೆ ಸೋತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಕೆಯ ಮೈದುನನಿಗೆ ಇದು ಸಾಕಾಯಿತು. ಪಕ್ಕದ ಊರಿನಲ್ಲಿದ್ದ ಆತ ಮೋಟರ್ ಸೈಕಲ್ಲಿನ ಮೇಲೆ, ಬಾಯಲ್ಲಿ ಬೀಡಿ ಕಚ್ಚಿಕೊಂಡೇ ಬಂದು ಗೇಟಿನ ಹತ್ತಿರ ನಿಂತು ಮಾತಾಡುತ್ತಿದ್ದ. ಒಳಗೆ ಬಿಡುತ್ತಿರಲಿಲ್ಲವಲ್ಲ.

"ಅತ್ಗೆ, ಸಾಕು ಬುಡು. ರಟ್ಟಿನ ಪೆಟ್ಟಿಗೆ ಕಂಪನಿಯೋರು ಗೋಡೌನಿಗೆ ಜಾಗ ಕೇಳ್ತಾವ್ರೆ. ಹಜಾರ ಅವ್ರಿಗೆ ಕೊಟ್ಬುಡಾನ. ಹುಳ ಸಾಕೋದು ಬ್ಯಾಸಿಗೇಲಿ ನಮ್ಮನೆ ಕೊಟ್ಟಿಗೇಲಿ ಸಾಕ್ಕೊ."

"ಕೊಟ್ಗೇಲಿ ಹಸ ಕಟ್ಟು. ಮುಂದಿನ ಚಳೀಲಿ ಹುಳ ಎಬ್ಬಿಸ್ತೀನಿ."

"ಏಳದೆ ಹೋದ್ರೆ?"

ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡರು. "ಏಳದೆ ಹೋದ್ರೆ ಹಜಾರದ ಬೀಗದಕೈ ನಾನೇ ತಂದು ನಿನ್ ಕೈಗೆ ಹಾಕ್ತೀನಿ. ಸಂಕ್ರಾಂತಿ ಆದ್ಮೇಲೆ ಕರ್ಕೊಂಬಾ ನಿನ್ ಪೆಟ್ಗೆಯೋರ್ನ."

ಹೀಗೆ ಮಾತು ಮುಗಿಯಿತು. ಚಳಿಗಾಲ ಇನ್ನೂ ಬಹಳ ದೂರವಿತ್ತು, ಆದರೆ ಆ ದಿನದಿಂದಲೇ ಆಕೆ ದೊರೆ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂರಲು ಶುರುಮಾಡಿದರು. ಒಂದು ಕೋಲಿನ ತುದಿಗೆ ರೇಷ್ಮೆ ಎಳೆ ಕಟ್ಟಿಕೊಂಡು, ಸಣ್ಣ ಬೆಂಕಿ ಹಾಕಿ, ಹಜಾರದ ಬಾಗಿಲ ಹತ್ತಿರ ಒಮ್ಮೆ, ನಡುವೆ ಒಮ್ಮೆ, ಒಲೆಯ ಬಾಯಿಯಲ್ಲಿ ಒಮ್ಮೆ ಹಿಡಿದು ನೋಡಿದರು. ಎಲ್ಲಿ ಹಿಡಿದರೂ ಎಳೆ ಒಲೆಯ ಕಡೆಗೇ ಬಾಗುತ್ತಿತ್ತು. ಬಾಗಿಲ ಸಂದಿಯಿಂದ ತಣ್ಣನೆ ಗಾಳಿ ಒಳಗೆ ಬಂದು, ಹಜಾರದ ಬೆಚ್ಚಗಿನ ಗಾಳಿಯನ್ನೆಲ್ಲ ನೂಕಿಕೊಂಡು ಚಿಮಣಿ ಹತ್ತಿ ಹೋಗುತ್ತಿತ್ತು.

"ನೋಡ್ದಾ? ಇದು ಮನೆ ಕಾಯ್ಸೋ ಒಲೆ ಅಲ್ಲ ಕಣೆ, ಮನೇನ ಕುಡಿಯೋ ಒಲೆ. ದೊರೆ ಏನು, ಕಾಡೆಲ್ಲ ಅವನ್ದೇ, ಕಡಿಸಿ ಕಡಿಸಿ ಸುರ್ದ. ಎದುರಿಗೆ ಕುರ್ಚಿ ಹಾಕ್ಕೊಂಡು ಮೊಣಕಾಲು ಕಾಯ್ಸ್ಕೊಂಡ. ನಂಗೆ ಮೂಲೆ ತಟ್ಟೆಗೂ ಕಾವು ಬೇಕು."

ನಮ್ಮ ಯಜಮಾನರು ಕೆಲಸ ಮಾಡುತ್ತಿದ್ದದ್ದು ಕಬ್ಬಿಣ ಕರಗಿಸುವ ಫ್ಯಾಕ್ಟರಿಯಲ್ಲಿ. ಭಾನುವಾರ ಹಲ್ಲುಜ್ಜುತ್ತಾ ಅಂಗಳದಲ್ಲಿ ನಿಂತಿದ್ದವರು, "ಉರಿಯೋ ಗಾಳೀನ ಹೊರಗಡೆಯಿಂದಲೇ ಕೊಟ್ಟರೆ ಒಳಗಿನ ಗಾಳಿ ಯಾಕೆ ಕುಡಿಯುತ್ತೆ? ಬಾಯಿಗೊಂದು ಬಾಗಿಲು ಹಾಕಿ, ಗೋಡೆಯಿಂದ ಒಂದು ಕೊಳವೆ ಬಿಡಿ" ಎಂದುಬಿಟ್ಟರು. ಅಕ್ಕ ಕೇಳಿಸಿಕೊಳ್ಳದವರಂತೆ ಸೊಪ್ಪು ಹೆಚ್ಚುತ್ತಿದ್ದರು. ಮರುದಿನ ಅದೇ ಮಾತನ್ನು ಅಕ್ಷರ ಬಿಡದೆ ನಮ್ಮ ಯಜಮಾನರಿಗೇ ವಾಪಸು ಹೇಳಿ, "ನಂಗೆ ರಾತ್ರಿಯೆಲ್ಲ ಯೋಚ್ನೆ ಮಾಡಿ ಮಾಡಿ ಹೊಳೀತು" ಎಂದರು. ಇವರು ಮಿಕಿಮಿಕಿ ನೋಡಿದರು. ನಾನು ಸೆರಗು ಬಾಯಿಗಿಟ್ಟುಕೊಂಡೆ.

ಮೂಕಂಡಪಲ್ಲಿಯಿಂದ ಸೆಲ್ವಂ ಎಂಬ ವೆಲ್ಡರ್ ಬಂದ. ಗೇಟು, ಕಿಟಕಿ ಸರಳು ಮಾಡುವವನು. ದೊರೆ ಒಲೆಯನ್ನು ಕಂಡು ಕೈ ಮುಗಿದು, "ಇದು ನಮ್ಮ ವೇಲೈ ಇಲ್ಲೆಕ್ಕಾ" ಎಂದು, ಇದು ನಮ್ಮ ಕೆಲಸವಲ್ಲವೆಂದು, ಹೊರಡಲು ಎದ್ದ. ಅಕ್ಕ ಆತನಿಗೆ ಮುದ್ದೆ, ಹುರುಳಿ ಸಾರು ಬಡಿಸಿ, ಉಣ್ಣುತ್ತಿರುವಾಗ ಇದ್ದಿಲಿನಿಂದ ನೆಲದ ಮೇಲೆ ಚಿತ್ರ ಬರೆದರು. ದಪ್ಪ ತಗಡಿನ ಪೆಟ್ಟಿಗೆ, ಅದಕ್ಕೆ ಬಿಗಿಯಾಗಿ ಕೂರುವ ಬಾಗಿಲು, ಉರಿಗೆ ಹೊರಗಿನ ಗಾಳಿ ತರಲು ಗೋಡೆಯಿಂದ ಒಂದು ಕೊಳವೆ. ಪೆಟ್ಟಿಗೆಯೊಳಗೆ ಅಡ್ಡಡ್ಡ ಕೊಳವೆಗಳು, ಹಜಾರದ ಗಾಳಿ ಅದರೊಳಗೆ ತಣ್ಣಗೆ ಹೋಗಿ ಬಿಸಿಯಾಗಿ ಹೊರಬರಬೇಕು, ಆದರೆ ಹೊಗೆಯನ್ನು ಮುಟ್ಟಬಾರದು. ಮೇಲೆ ಒಂದು ಹೊಗೆಗೊಳವೆ, ಹಳೇ ಚಿಮಣಿಯೊಳಗೇ ತುದಿಯವರೆಗೆ. ಉಳಿದ ಬಾಯಿಯನ್ನೆಲ್ಲ ಇಟ್ಟಿಗೆ ಕಟ್ಟಿ ಮುಚ್ಚುವುದು. ಹೊಗೆಗೊಳವೆಯ ಕುತ್ತಿಗೆಗೆ ಒಂದು ತಿರುಗಿಸುವ ತಗಡು, ಬೆಂಕಿಯನ್ನು ಮೆತ್ತಗೆ ಮಾಡಬೇಕಾದಾಗ ತಿರುಗಿಸಲು. ಸೆಲ್ವಂ ಎರಡನೇ ಮುದ್ದೆ ಮುರಿಯುವ ಹೊತ್ತಿಗೆ ಚಿತ್ರವನ್ನು ತಿದ್ದಲು ಶುರುಮಾಡಿದ್ದ. ಆಮೇಲೆ ಇಬ್ಬರೂ ಒಂದು ಕೊಳವೆ ಓರೆಯಾಗಿರಬೇಕೋ ನೇರವಾಗಿರಬೇಕೋ ಎಂದು ಸಂಜೆಯವರೆಗೆ ಜಗಳವಾಡಿದರು.

ಮೊದಲ ಪೆಟ್ಟಿಗೆ ಕಾದು ಹೊಟ್ಟೆಯುಬ್ಬಿ ಬಾಗಿಲು ಕೂರದೆ ಹೋಯಿತು. "ನೀ ದುಂಪ ತೆಗ" ಎಂದು ಅಕ್ಕ ಪೆಟ್ಟಿಗೆಗೆ ತೆಲುಗಿನಲ್ಲಿ ಬೈದು, ಇನ್ನೂ ದಪ್ಪನೆಯ ತಗಡು ತರಿಸಿದರು. ಇಟ್ಟಿಗೆ ಸಂದಿಯಿಂದ ಹೊಗೆ ಸೋರಿತು. ಗಾರೆ ಒಡೆಸಿ, ಹುತ್ತದ ಮಣ್ಣಿಗೆ ರಾಗಿ ಹೊಟ್ಟು ಕಲಸಿ ತಾವೇ ಮೆತ್ತಿದರು. ಚಿಮಣಿಯೊಳಗಿನ ಕಾಗೆ ಗೂಡನ್ನು ತೆಗೆಯಲು ಹಗ್ಗಕ್ಕೆ ಕಲ್ಲನ್ನೂ ಕಸಬರಿಕೆಯ ಕಂತೆಯನ್ನೂ ಕಟ್ಟಿ ಮೇಲಿನಿಂದ ಇಳಿಬಿಡಿಸಿ, ತಾವು ಕೆಳಗೆ ನಿಂತು ಎಳೆದಾಡಿದಾಗ, ದೊರೆಯ ಕಾಲದ ಮಸಿಯೆಲ್ಲ ಆಕೆಯ ತಲೆಯ ಮೇಲೆ ಬಿತ್ತು. ಹಾಗೆಯೇ ಕರ್ರಗೆ ಅಂಗಳಕ್ಕೆ ಬಂದು ನಿಂತು, "ಯಾಕೆ ಹಂಗೆ ನೋಡ್ತೀಯ, ನೀರು ಸೇದು" ಎಂದರು. ಸೌದೆಗೆ ಹಿಪ್ಪುನೇರಳೆಯ ಕಡ್ಡಿ. ಸೊಪ್ಪನ್ನು ಹುಳು ತಿಂದ ಮೇಲೆ ಉಳಿದ ಕಡ್ಡಿಗಳನ್ನು ಬೇಸಿಗೆಯಿಡೀ ಸೂರಿನ ಕೆಳಗೆ ಒಟ್ಟಿ ಒಣಗಿಸಿದ್ದರು. ಮುರಿದರೆ ಚಟ್ಟೆನ್ನಬೇಕು. ಚಟ್ಟೆನ್ನದ ಕಡ್ಡಿಯನ್ನು ಹಿಂದಕ್ಕೆ ಎಸೆಯುತ್ತಿದ್ದರು. ಕೊನೆಗೆ ಪೆಟ್ಟಿಗೆಯ ನೆತ್ತಿಯ ಮೇಲೆ ಅಗಲ ಬಾಯಿಯ ಹಂಡೆಯಿಟ್ಟು ನೀರು ತುಂಬಿದರು. ಕಾವಿನ ಜೊತೆಗೇ ತೇವವೂ ಸಿಕ್ಕಿತು.

ಕೆಲಸ ಮುಗಿದ ದಿನ ಸೆಲ್ವಂ ಸೂರಿನ ಮೇಲೆ ಹೊಗೆಗೊಳವೆಯ ತುದಿಗೆ ಮಳೆ ಟೋಪಿ ಕೂರಿಸುತ್ತಿದ್ದ. ಅಕ್ಕ ಕೆಳಗಿನಿಂದ ಸಣ್ಣ ಕಣ್ಣಿನ ತಂತಿ ಬಲೆಯ ತುಂಡೊಂದನ್ನು ಎಸೆದು, "ಅದನ್ನೂ ಕಟ್ಟು" ಎಂದರು.

"ಎದುಕ್ಕು ಅಕ್ಕಾ?"

ಏನಕ್ಕೆ ಎಂದು ಅವನು ಕೇಳಿದ್ದು ನ್ಯಾಯವಾಗಿಯೇ ಇತ್ತು. ಆದರೆ ತೂತು ಕಂಡಿತ್ತು, ಬಲೆ ಕಟ್ಟಬೇಕಿತ್ತು, ಯಾಕೆಂದು ಆಮೇಲೆ ಕೇಳಬೇಕಿತ್ತು. ಕಟ್ಟಿದ.

ಆ ಚಳಿಗಾಲದ ಹುಳು ಮಾರ್ಗಶಿರದ ಕೊನೆಯಲ್ಲಿ ಒಡೆದವು. ದೊರೆ ಒಲೆ ಈಗ ದೊರೆಯ ಹಾಗೆ ಇರಲಿಲ್ಲ, ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತ ಅಜ್ಜಿಯ ಹಾಗಿತ್ತು. ಒಂದು ಹಿಡಿ ಕಡ್ಡಿ ಹಾಕಿದರೆ ಗಂಟೆಗಟ್ಟಲೆ ಬೆಚ್ಚಗಿರುತ್ತಿತ್ತು. ಅಕ್ಕ ಗೋಡೆಯ ಮೇಲಿನ ಶಾಖ ಅಳೆಯುವ ಗಾಜಿನ ಕಡ್ಡಿಯನ್ನು ನೋಡಿ, ನಂಬದೆ, ಮೂಲೆಯ ತಟ್ಟೆಗೆ ಕೆನ್ನೆ ತಾಗಿಸಿ ಮತ್ತೆ ನೋಡುತ್ತಿದ್ದರು. ಮೊದಲ ಜ್ವರಕ್ಕೆ ಎಲ್ಲವೂ ಒಟ್ಟಿಗೇ ಕೂತು ಒಟ್ಟಿಗೇ ಎದ್ದವು. ಹೆಂಗಸರಿಗೆ ಹೇಳಿಕಳಿಸಿದರು. ಎರಡನೇ ಜ್ವರಕ್ಕೆ ಹುಳು ಕೂತಾಗ, ಆ ಹೊತ್ತಿನಲ್ಲಿ ಕಾವು ತುಸು ಕಡಿಮೆಯಿರಲೆಂದು ತಗಡನ್ನು ತಿರುಗಿಸಿ ಬೆಂಕಿಯನ್ನು ಮೆತ್ತಗೆ ಮಾಡಿದರು. ಮಂಜು ದಟ್ಟವಾಗಿದ್ದ ದಿನಗಳು. ಸೂರಿನ ಅಂಚಿನ ಕಡ್ಡಿಗಳು ತೇವ ಹಿಡಿದಿದ್ದವು.

ಬೆಳಿಗ್ಗೆ ನಾನು ಬಾಗಿಲಿಗೆ ರಂಗೋಲಿ ಹಾಕುತ್ತಿದ್ದೆ. ದಿನವೂ ಚಿಮಣಿಯ ಮೇಲೆ ತೆಳ್ಳಗೆ ನೀಲಿ ಹೊಗೆ ಕಾಣುತ್ತಿತ್ತು, ಆ ದಿನ ಕಾಣಲಿಲ್ಲ. ಬೆಂಕಿ ಆರಿತೇನೋ ಎಂದುಕೊಂಡೆ. ಆಮೇಲೆ ಹಜಾರದ ಬಾಗಿಲ ಕೆಳಗಿನಿಂದ ಬಂದ ಹೊಗೆ ನನ್ನ ರಂಗೋಲಿಯ ಮೇಲೆ ಹರಿಯಿತು.

"ಅಕ್ಕಾ, ಹೊಗೆ!"

ಸೊಪ್ಪಿನ ಬುಟ್ಟಿ ಹೊತ್ತು ತೋಟದಿಂದ ಬರುತ್ತಿದ್ದವರು ಬುಟ್ಟಿಯನ್ನು ಅಲ್ಲೇ ಎಸೆದು ಓಡಿಬಂದರು. ಬಾಗಿಲು ತೆರೆದರೆ ಒಳಗೆ ಏನೂ ಕಾಣದು. ನಮ್ಮ ಯಜಮಾನರು ಮೂಗಿಗೆ ಟವೆಲ್ಲು ಕಟ್ಟಿಕೊಂಡು ನುಗ್ಗಿ, ಪೆಟ್ಟಿಗೆಯ ಕೆಂಡವನ್ನೆಲ್ಲ ಬಾಣಲೆಗೆ ಎಳೆದು ಹೊರಗೆ ತಂದು ಸುರಿದರು. ಹೊಗೆ ಹೋಗಬೇಕಲ್ಲ, ಕಿಟಕಿಗಳಿಗೆಲ್ಲ ಬಲೆ ಹೊಡೆದು ಬಿಗಿದಿದೆ. ಅಕ್ಕ ಒಂದು ಗಳಿಗೆ ನಿಂತರು. ಆಮೇಲೆ ಸೊಪ್ಪು ಕೊಯ್ಯುವ ಕುಡುಗೋಲಿನಿಂದ ಆ ಬಲೆಗಳನ್ನು ಒಂದೊಂದಾಗಿ ಸೀಳಿದರು. ವರ್ಷಕ್ಕೊಮ್ಮೆ ತೊಳೆದು, ಹರಿದರೆ ಸೂಜಿ ಹಿಡಿದು ಹೊಲಿದು, ನೊಣದ ಕಾಲೂ ತೂರದ ಹಾಗೆ ಕಾಪಾಡಿದ ಬಲೆಗಳು. ನನಗೆ ಅಳು ಬಂತು. ಆಕೆಗೆ ಅಳಲು ಪುರುಸೊತ್ತಿರಲಿಲ್ಲ.

"ಏನೇ ನಿಂತಿದ್ದೀಯ? ಒಲೆ ಮಗ್ಗುಲು ತಟ್ಟೆ ಎಲ್ಲ ಎತ್ಕೊ. ನಿನ್ ಅಡ್ಗೆ ಮನೆ ಬೆಚ್ಗಿದೆ, ಅಲ್ಲಿಗೆ ನಡಿ. ಅಲುಗಾಡಿಸ್ಬೇಡ, ಜ್ವರದಾಗವೆ!"

ಹೀಗೆ ನನ್ನ ಅಡುಗೆ ಮನೆಗೆ ರೇಷ್ಮೆ ಹುಳು ಬಂದವು. ಹಿಟ್ಟಿನ ಡಬ್ಬಿಯ ಮೇಲೆ ತಟ್ಟೆ, ಗ್ಯಾಸ್ ಕಟ್ಟೆಯ ಮೇಲೆ ತಟ್ಟೆ, ದೇವರ ಗೂಡಿನ ಮುಂದೆಯೂ ತಟ್ಟೆ.

ನಾನು ಹೊರಗೆ ಬಂದಾಗ ಅಕ್ಕ ಸೀರೆಯನ್ನು ಕಚ್ಚೆ ಹಾಕಿ ಏಣಿ ಹತ್ತುತ್ತಿದ್ದರು. ನಮ್ಮ ಯಜಮಾನರು ನಾನು ಹತ್ತುತ್ತೇನೆ ಎಂದರೆ, "ಏಣಿ ಹಿಡ್ಕೊಳಿ" ಎಂದರು ಅಷ್ಟೇ. ಮಂಜಿಗೆ ಒದ್ದೆಯಾದ ಹೆಂಚಿನ ಮೇಲೆ ಅಂಡೂರಿಕೊಂಡು ಸರಿದು ಸರಿದು ಚಿಮಣಿ ಮುಟ್ಟಿದರು. ಕೆಳಗೆ ಬಂದಾಗ ಕೈಯಲ್ಲಿ ಆ ತಂತಿ ಬಲೆ ಇತ್ತು. ಕಣ್ಣು ಒಂದೂ ಬಿಡದೆ ಮಸಿಯೂ ಅಂಟೂ ಕಟ್ಟಿಕೊಂಡು ಸೀದ ದೋಸೆಯಾಗಿತ್ತು. ಹೊಗೆ ಅದನ್ನು ದಾಟಲಾರದೆ ಬಂದ ದಾರಿಯಲ್ಲೇ ಹಿಂದಿರುಗಿತ್ತು.

ಆಕೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಉರಿಯೋ ಕೊಳವೇಲಿ ಯಾವ ನೊಣ ಇಳೀತದೆ?" ಎಂದು ತಮ್ಮನ್ನೇ ಕೇಳಿಕೊಂಡರು. "ಸೆಲ್ವಂ ಕೇಳ್ದ. ಎದುಕ್ಕು ಅಂತ ಕೇಳ್ದ." ಆಮೇಲೆ ಆ ಬಲೆಯನ್ನು ಒಳಗೆ ಬಚ್ಚಿಡಲಿಲ್ಲ, ಎಸೆಯಲೂ ಇಲ್ಲ. ಹಜಾರದ ಬಾಗಿಲ ಮೊಳೆಗೆ, ಬಂದವರ ಕಣ್ಣಿಗೆ ಬೀಳುವ ಹಾಗೆ ನೇತುಹಾಕಿದರು. ಕೈಕಾಲು ತೊಳೆದು, ಚಟ್ಟೆನ್ನುವ ಕಡ್ಡಿಗಳನ್ನು ಮಾತ್ರ ಆರಿಸಿ ಒಲೆ ಹೊತ್ತಿಸಿದರು. ತಗಡನ್ನು ಪೂರ್ತಿ ತೆರೆದಿಟ್ಟರು. ಹೊಗೆ ನೆಟ್ಟಗೆ ಮೇಲೇರಿತು. ನಾನೂ ಆಕೆಯೂ ಹಳೇ ಸೀರೆಗಳನ್ನು ಹರಿದು ಕಿಟಕಿಗಳಿಗೆ ಕಟ್ಟಿದೆವು.

ಬಿಸಿಲೇರುವ ಹೊತ್ತಿಗೆ ಚಾಕಿ ಒಯ್ಯಲು ಹೆಂಗಸರು ಬಂದರು. ಮುಂದೆ ಮುನಿಯಮ್ಮ. ಮೊಳೆಯ ಮೇಲಿನ ಬಲೆಯನ್ನೂ ಹರಿದ ಕಿಟಕಿಯನ್ನೂ ಕಂಡ ಮೇಲೆ ಅವರಿಗೆ ಹೇಳಬೇಕಾದ್ದೇ ಇರಲಿಲ್ಲ. ಆದರೂ ಅಕ್ಕ ಹೇಳಿದರು.

"ಹೊಗೆ ಕುಡಿದವೆ. ತಪ್ಪು ನಂದೇ, ಇಗೋ ಇಲ್ಲಿ ನೇತು ಹಾಕಿವ್ನಿ. ಈಗ ನಿಮ್ಗೆ ಕೊಡಾಕಿಲ್ಲ."

"ಇಪ್ಪುಡೇ ಇಚ್ಚೆಯ್ ಅಕ್ಕಾ" ಎಂದಳು ಮುನಿಯಮ್ಮ, ಈಗಲೇ ಕೊಟ್ಟುಬಿಡು ಎಂದು. ಆಮೇಲೆ ಕನ್ನಡಕ್ಕೆ ತಿರುಗಿ, "ನಮ್ಮನೇಲಿ ಹೆಂಗೋ ನೋಡ್ಕತೀವಿ. ಸೊಪ್ಪು ಬೆಳ್ದು ನಿಂತದೆ, ಬರಿಗೈಲಿ ಹೆಂಗೆ ಹೋಗಾನ ಈ ಸಲಾನೂ?"

"ನಿನ್ ಮನೇಲಿ ಸತ್ರೆ ನಿನ್ ಸೊಪ್ಪೂ ಹೋಯ್ತದೆ, ನಿನ್ ದುಡಿಮೇನೂ ಹೋಯ್ತದೆ. ಮೂರ್ನೇ ಜ್ವರ ಎಬ್ಬಿಸಿ ಕೊಡ್ತೀನಿ. ಅಲ್ಲೀಗಂಟ ಉಳಿದ್ರೆ ನಿಮ್ಮವು. ಸತ್ರೆ ನನ್ನವು."

ಯಾರೂ ಮನೆಗೆ ಹೋಗಲಿಲ್ಲ. ಹೊಂಗೆ ಮರದ ಕೆಳಗೆ ಕೂತರು. ಮೈದುನನಿಗೆ ಹೇಗೋ ಸುದ್ದಿ ಮುಟ್ಟಿ, ಆತನೂ ಬಂದು ಗೇಟಿನ ಹತ್ತಿರ ನಿಂತ. ಜೊತೆಗೆ ಪ್ಯಾಂಟಿಗೆ ಮೊಬೈಲ್ ಸಿಕ್ಕಿಸಿಕೊಂಡ ರಟ್ಟಿನ ಪೆಟ್ಟಿಗೆಯವನು. ಸಂಕ್ರಾಂತಿಗೆ ಇನ್ನೂ ಸಮಯವಿತ್ತು. ಆದರೆ ಸತ್ತ ಮನೆಗೆ ಬರಲು ಹಬ್ಬ ಮುಗಿಯಲಿ ಎಂದು ಯಾರು ಕಾಯುತ್ತಾರೆ?

ಒಳಗೆ ಹುಳುಗಳು ತಲೆಯೆತ್ತಿ ಕೂತೇ ಇದ್ದವು. ಸತ್ತಿವೆಯೋ ಜ್ವರದಲ್ಲಿವೆಯೋ ತಿಳಿಯದು. ಮಧ್ಯಾಹ್ನದ ಹೊತ್ತಿಗೆ ಒಂದೆರಡು ತಟ್ಟೆಗಳಲ್ಲಿ ಪೊರೆ ಕಳಚಿ ತಲೆ ದಪ್ಪವಾದವು ಕಂಡವು. ಆದರೂ ಅಕ್ಕ ಸೊಪ್ಪು ಹಾಕಲಿಲ್ಲ. ಎಲ್ಲವೂ ಏಳಲಿ, ಮೊದಲೆದ್ದವು ತಿಂದರೆ ಮತ್ತೆ ಹಿಂದೆಮುಂದೆ ಆಗುತ್ತವೆ ಎಂದು ಹಲ್ಲು ಕಚ್ಚಿ ಕೂತರು. ನಾನಾಗಿದ್ದರೆ ಆ ಗಳಿಗೆಯಲ್ಲೇ ಸೊಪ್ಪು ಸುರಿದುಬಿಡುತ್ತಿದ್ದೆ. ಹೊತ್ತು ಇಳಿಯಿತು. ಕೊನೆಗೆ ಆಕೆ ಎದ್ದು, ಎಳೆ ಸೊಪ್ಪನ್ನು ಕೂದಲಿನ ಹಾಗೆ ಹೆಚ್ಚಿ, ಒಲೆಗೆ ಹತ್ತಿರವಿದ್ದ, ಎಲ್ಲಕ್ಕಿಂತ ಹೆಚ್ಚು ಹೊಗೆ ಕುಡಿದ, ನನ್ನ ಗ್ಯಾಸ್ ಕಟ್ಟೆಯ ಮೇಲಿದ್ದ ತಟ್ಟೆಗೆ ಉದುರಿಸಿದರು.

"ಏಳ್ರವ್ವ" ಎಂದರು. ತಟ್ಟೆಯ ಮೇಲೆ ಇನ್ನಷ್ಟು ಬಾಗಿದರು. "ಏಳ್ರಿ."

ಹಸಿರಿನ ಕೆಳಗೆ ಏನೂ ಅಲ್ಲಾಡಲಿಲ್ಲ. ಮುನಿಯಮ್ಮ ಯಾವಾಗ ಬಂದಳೋ, ಕಾಲು ತೊಳೆದುಕೊಂಡು ನನ್ನ ಬೆನ್ನ ಹಿಂದೆ ನಿಂತು ಇಣುಕುತ್ತಿದ್ದಳು. ಆಮೇಲೆ ಒಂದು ಎಲೆಯ ಚೂರು ತುಸು ಸರಿಯಿತು. ಅದರ ಪಕ್ಕದ್ದು ಸರಿಯಿತು. ನೋಡನೋಡುತ್ತ ಹಸಿರಿನ ಮೇಲೆಲ್ಲ ಬೂದು ಬಣ್ಣದ ತಲೆಗಳು ಮೂಡಿದವು.

"ಮೇಯ್ತಾ ಅವೆ" ಎಂದಳು ಮುನಿಯಮ್ಮ. ಹೊರಗೆ ಓಡಿಹೋಗಿ ಕೂಗಿದಳು, "ಮೇಯ್ತಾ ಅವೆ ಕಣ್ರೇ!"

ಒಂದು ಮೂಲೆಯ ತಟ್ಟೆಗಳು ಹೋದವು, ಸುಳ್ಳು ಹೇಳಬಾರದು. ಉಳಿದವೆಲ್ಲ ಎದ್ದವು. ಗದ್ದಲ ಕೇಳಿ ಮೈದುನ ಪೆಟ್ಟಿಗೆಯವನನ್ನು ಕರೆದುಕೊಂಡು ಜಗಲಿಗೆ ಬಂದ. ಅಕ್ಕ ಬಾಗಿಲಿಗೆ ಅಡ್ಡ ನಿಂತು, ಇಬ್ಬರನ್ನೂ ಮೂಸಿ, "ಬೀಡಿ ಸೇದ್ಬುಟ್ಟು ಬಂದಿದ್ದೀರ. ಗೇಟಿಂದಾಚೆ ನಿಂತ್ಕೊಳಿ" ಎಂದರು. ಪೆಟ್ಟಿಗೆಯವನು ಅದು ಸಿಗರೇಟು ಎಂದು ತಿದ್ದಲು ಹೋದ. ಮೈದುನ ಅವನ ತೋಳು ಹಿಡಿದು ಎಳೆದುಕೊಂಡು ಹೋದ. ಮೂರನೇ ಜ್ವರ ಎದ್ದ ಮೇಲೆ ಹೆಂಗಸರು ಹುಳು ಒಯ್ದರು, ಶಿವರಾತ್ರಿಗೆ ಮುಂಚೆ ಗೂಡು ಬಿಡಿಸಿದರು. ಹಜಾರದ ಬೀಗದಕೈ ಅಕ್ಕನ ಸೊಂಟದಲ್ಲೇ ಉಳಿಯಿತು.

ಆ ಹುಳುಗಳು ಹೋಗುವವರೆಗೆ ನಮ್ಮ ಮನೆಯಲ್ಲಿ ಒಗ್ಗರಣೆ ಇರಲಿಲ್ಲ. ಅನ್ನವನ್ನೂ ಹುಣಸೆ ಮರದ ಕೆಳಗೇ ಬೇಯಿಸಿದೆ. ಅಕ್ಕ ಒಂದು ದಿನ ಬಂದು, ಮಂಜಿನಲ್ಲಿ ಸ್ಟೌವಿನ ಮುಂದೆ ಕೂತ ನನ್ನ ಪಕ್ಕದಲ್ಲಿ ಕೂತು, "ಹಾಕು, ನಾಲ್ಕು ಮೆಣಸಿನಕಾಯಿ ಜಾಸ್ತಿ ಹಾಕು. ನಂಗೂ ಒಂದು ಸೌಟು ಬಡ್ಸು" ಎಂದರು. ಥ್ಯಾಂಕ್ಸ್ ಎನ್ನುವುದಕ್ಕೆ ಆಕೆಯ ಮೂರೂ ಭಾಷೆಯಲ್ಲಿ ಮಾತಿರಲಿಲ್ಲವೆಂದು ಕಾಣುತ್ತದೆ.

ಆಮೇಲೆ ನಾವು ಹೊಸೂರಿನಲ್ಲೇ ಒಂದು ಸೂರು ಮಾಡಿಕೊಂಡು ಆ ಮನೆ ಬಿಟ್ಟೆವು. ಹಬ್ಬಕ್ಕೋ ಹುಣ್ಣಿಮೆಗೋ ಹೋಗಿಬರುತ್ತಿದ್ದೆ, ಪೌಡರ್ ಹಾಕದೆ. ಹೋದ ಪುಷ್ಯದಲ್ಲಿ ಮೈದುನ ಫೋನು ಮಾಡಿ, "ಅತ್ಗೆ ಹೋಗ್ಬುಟ್ರು" ಎಂದ. ಸೊಪ್ಪು ಹೆಚ್ಚುತ್ತಾ ಹೆಚ್ಚುತ್ತಾ ಎದೆ ಹಿಡಿದುಕೊಂಡರಂತೆ, ಅಷ್ಟೇ.

ನಾನು ಹೋಗುವ ಹೊತ್ತಿಗೆ ಮಂಜು ಇನ್ನೂ ಎದ್ದಿರಲಿಲ್ಲ. ಎಲ್ಲರ ಮನೆಯಲ್ಲೂ ಹೆಣವನ್ನು ಪಡಸಾಲೆಯಲ್ಲಿ ಮಲಗಿಸಿ ತಲೆದೆಸೆಗೆ ದೀಪ, ಊದುಬತ್ತಿ ಹಚ್ಚಿಡುತ್ತಾರೆ. ಅಕ್ಕನನ್ನು ಮನೆಯಿಂದ ದೂರ, ಕಾಂಪೌಂಡಿನ ಆಚೆ, ನನ್ನ ಹುಣಸೆ ಮರದ ಕೆಳಗೆ ಮಲಗಿಸಿದ್ದರು. ದೀಪ ಮಾತ್ರ ಇತ್ತು. ಕೃಷ್ಣಗಿರಿಯಿಂದ ಬಂದ ಮಗಳು ಪಕ್ಕದಲ್ಲಿ ಕೂತಿದ್ದಳು, ಮುನಿಯಮ್ಮ ಅವಳ ಬೆನ್ನು ಸವರುತ್ತಿದ್ದಳು. ನಾನು ತಂದ ಹಾರ ಹಾಕಿ, ಆ ಮೂಗನ್ನು ನೋಡಿದೆ. ಜನ್ಮದಲ್ಲಿ ಮೊದಲ ಸಲ ನನ್ನನ್ನು ಮೂಸದೆ ಬಿಟ್ಟಿತ್ತು. ಆಗ ನನಗೆ ತಡೆಯಲಾಗಲಿಲ್ಲ.

ಮೈದುನ ಎಲ್ಲಿ ಎಂದು ಕೇಳಿದೆ, ಮಣ್ಣಿನ ಹೊತ್ತು ಗೊತ್ತುಮಾಡಬೇಕಿತ್ತು. ಒಳಗಿದ್ದಾನೆ ಎಂದರು. ಕಾಲು ತೊಳೆದುಕೊಂಡು ಹಜಾರದ ಬಾಗಿಲಿಗೆ ಹೋದೆ. ಮೊಳೆಯ ಮೇಲೆ ಆ ಕರೀ ಬಲೆ ಇನ್ನೂ ನೇತಾಡುತ್ತಿತ್ತು. ಆತ ದೊರೆ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಕಡ್ಡಿಯೊಂದನ್ನು ಕಿವಿಯ ಹತ್ತಿರ ಹಿಡಿದು ಮುರಿದ. ಚಟ್ಟೆನ್ನಲಿಲ್ಲ. ಹಿಂದಕ್ಕೆ ಎಸೆದು ಇನ್ನೊಂದನ್ನು ತೆಗೆದುಕೊಂಡ. ಕಣ್ಣು ಕೆಂಪಗಿದ್ದವು. ಅಷ್ಟರಲ್ಲಿ ಯಾರೋ ದೂರದ ನೆಂಟರು, ಪಾಪ, ಹಾರದ ಜೊತೆಗೆ ಹೊಗೆಯಾಡುವ ಊದುಬತ್ತಿಯ ಕಟ್ಟು ಹಿಡಿದು ಗೇಟು ದಾಟಿ ಬಂದರು. ಆತ ದಡಬಡಿಸಿ ಎದ್ದು ಬಾಗಿಲಿಗೆ ಅಡ್ಡ ನಿಂತ.

"ಆಚೆ, ಆಚೆ" ಎಂದ, ಪಿಸುಧ್ವನಿಯಲ್ಲಿ. "ಒಳಗೆ ಹುಳ ಜ್ವರಕ್ಕೆ ಕೂತವೆ."